ಕೊನೆಯ ಸಾಲಿನ ಹಿರಿಯರು: ಮೂತ್ರರೋಗ, ಶಸ್ತ್ರಚಿಕಿತ್ಸೆ ಮತ್ತು ನಮ್ಮ ಇತಿಹಾಸದ ಪಾಠ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಸೀದಿಗಳಲ್ಲಿ ಈ ದೃಶ್ಯವನ್ನು ಹಲವರು ಕಂಡಿರಬಹುದು. ವರ್ಷಗಟ್ಟಲೆ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ ಹಿರಿಯರೊಬ್ಬರು ಕ್ರಮೇಣ ಕೊನೆಯ ಸಾಲಿಗೆ, ಬಾಗಿಲ ಸಮೀಪಕ್ಕೆ ಸರಿಯುತ್ತಾರೆ. ಆಮೇಲೆ ಫಜ್ರ್‌ಗೆ ಬರುವುದು ನಿಲ್ಲುತ್ತದೆ. ಕೊನೆಗೆ ಜುಮಾ ನಮಾಝ್‌ಗೂ ಅವರು ಕಾಣುವುದಿಲ್ಲ. ವಿಚಾರಿಸಿದರೆ ‘ವಯಸ್ಸಾಯಿತು’ ಎಂಬ ಉತ್ತರ ಬರುತ್ತದೆ. ನಿಜವಾದ ಕಾರಣ ಬೇರೆಯೇ ಇರುತ್ತದೆ: ಮೂತ್ರ ಹನಿಯುತ್ತಿದೆ, ಬಟ್ಟೆ ಶುದ್ಧವಿಲ್ಲವೆಂಬ ಅಳುಕಿದೆ, ಮಗನೊಡನೆ ಹೇಳಿಕೊಳ್ಳಲು ನಾಚಿಕೆಯಿದೆ. ಶಸ್ತ್ರಚಿಕಿತ್ಸೆ ಎಂಬ ಮಾತು ಬಂದರಂತೂ ‘ನಳಿಗೆ ಹಾಕಿಸಿಕೊಂಡು ನಮಾಝ್ ಹೇಗೆ?’ ಎಂಬ ಪ್ರಶ್ನೆ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಹೀಗೆ ಮುಂದೂಡಿದ ರೋಗವು ಕೆಲವೊಮ್ಮೆ ಮೂತ್ರಪಿಂಡಗಳನ್ನೇ ಕೆಡಿಸಿಬಿಡುತ್ತದೆ.

ಶುದ್ಧಿ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರುದ್ಧವೆಂಬ ಈ ಭಾವನೆಗೆ ನಮ್ಮ ಧರ್ಮದಲ್ಲಾಗಲಿ ಇತಿಹಾಸದಲ್ಲಾಗಲಿ ಆಧಾರವಿಲ್ಲ. ಆಧಾರವಿರುವುದು ಅದಕ್ಕೆ ವಿರುದ್ಧವಾದ ಮಾತಿಗೆ.

ಮದೀನಾದಿಂದಲೇ ಆರಂಭಿಸೋಣ. ಒಬ್ಬ ಗ್ರಾಮೀಣ ಅರಬನು ಪ್ರವಾದಿ(ಸ)ಯವರ ಮಸೀದಿಯೊಳಗೇ ಮೂತ್ರ ಮಾಡತೊಡಗಿದಾಗ ಸಹಾಬಿಗಳು ಗದರಿಸಲು ಮುಂದಾದರು. ಪ್ರವಾದಿ(ಸ)ಯವರು ಅವರನ್ನು ತಡೆದರು, ಆತನು ಮುಗಿಸುವವರೆಗೆ ಬಿಟ್ಟುಬಿಡಲು ಹೇಳಿದರು, ಅನಂತರ ಆ ಜಾಗದ ಮೇಲೆ ನೀರು ಸುರಿಸಿದರು. ಮೂತ್ರವನ್ನು ಅರ್ಧದಲ್ಲಿ ತಡೆದರೆ ದೇಹಕ್ಕೆ ಹಾನಿಯೆಂಬುದನ್ನೂ ವಿದ್ವಾಂಸರು ಈ ಪ್ರಸಂಗದ ವಿವರಣೆಯಲ್ಲಿ ಗುರುತಿಸಿದ್ದಾರೆ. ಇನ್ನೊಂದು ಪ್ರಸಂಗದಲ್ಲಿ ಗ್ರಾಮೀಣರು ಬಂದು, ನಾವು ಔಷಧೋಪಚಾರ ಮಾಡಿಕೊಳ್ಳಬಹುದೇ ಎಂದು ಕೇಳಿದರು. ಮಾಡಿಕೊಳ್ಳಬೇಕೆಂದೂ, ಮುಪ್ಪಿನ ಹೊರತು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇರಿಸಿದ್ದಾನೆಂದೂ ಪ್ರವಾದಿ(ಸ)ಯವರು ತಿಳಿಸಿದರು. ಮುಪ್ಪು ಬೇರೆ, ಮುಪ್ಪಿನಲ್ಲಿ ಬರುವ ರೋಗ ಬೇರೆ. ಪ್ರೋಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟುವುದು ಎರಡನೆಯದು. ಅದಕ್ಕೆ ಮದ್ದಿದೆ.

ಪವಿತ್ರ ಕುರ್‌ಆನಿನ ಸಂಕಲನಕ್ಕೆ ನೇತೃತ್ವ ನೀಡಿದ ಝೈದ್ ಬಿನ್ ಸಾಬಿತ್(ರ) ಅವರ ಕುರಿತಾದ ಒಂದು ವರದಿ ಇಲ್ಲಿ ಅತ್ಯಂತ ಮುಖ್ಯವಾದುದು. ವೃದ್ಧಾಪ್ಯದಲ್ಲಿ ಅವರಿಗೆ ಮೂತ್ರ ನಿಯಂತ್ರಣ ತಪ್ಪಿತ್ತು. ಸಾಧ್ಯವಾದಷ್ಟು ಅವರು ಅದನ್ನು ಉಪಚರಿಸಿಕೊಳ್ಳುತ್ತಿದ್ದರು. ಕೈಮೀರಿದಾಗ ವುಝೂ ಮಾಡಿ ನಮಾಝ್ ನಿರ್ವಹಿಸುತ್ತಿದ್ದರು. ಅಂತಹ ಮಹಾನುಭಾವರು ಈ ರೋಗದ ಕಾರಣಕ್ಕೆ ನಮಾಝನ್ನೂ ಬಿಡಲಿಲ್ಲ, ಉಪಚಾರವನ್ನೂ ಬಿಡಲಿಲ್ಲ.

ಉಪಚಾರದ ಈ ಮನೋಭಾವವೇ ಮುಂದೆ ಶಾಸ್ತ್ರವಾಗಿ ಬೆಳೆಯಿತು. ಅದಕ್ಕೆ ನಮ್ಮ ದೇಶದ ಕೊಡುಗೆಯೂ ಸೇರಿತು. ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ಬಹು ಹಿಂದೆಯೇ ವಿವರಿಸಿತ್ತು. ಶಸ್ತ್ರಕ್ರಿಯೆಗೆ ಮೊದಲು ದೇಹವನ್ನು ಸಿದ್ಧಗೊಳಿಸುವುದು, ಅಪಾಯವನ್ನು ಮೊದಲೇ ತಿಳಿಸಿ ಅರಸನ ಅನುಮತಿ ಪಡೆಯುವುದು, ಬಳಿಕ ರೋಗಿಯನ್ನು ಬಿಸಿನೀರಿನಲ್ಲಿ ಕುಳ್ಳಿರಿಸುವುದು, ಗಾಯ ಮಾಗಿದ ಮೇಲೂ ಒಂದು ವರ್ಷ ಕುದುರೆ ಸವಾರಿ, ಮರ ಹತ್ತುವುದು, ಈಜು ಮುಂತಾದವುಗಳಿಂದ ದೂರವಿರುವುದು ಇವೆಲ್ಲ ಅದರಲ್ಲಿವೆ. ಖಲೀಫ ಹಾರೂನ್ ರಶೀದರ ಕಾಲದಲ್ಲಿ (786–809) ಅವರ ಮಂತ್ರಿ ಯಹ್ಯಾ ಬಿನ್ ಖಾಲಿದ್ ಬರ್ಮಕೀ ಈ ಗ್ರಂಥವನ್ನು ಅರಬಿಗೆ ತರಿಸಿದರು. ಮಂಕ ಎಂಬ ಭಾರತೀಯ ವೈದ್ಯರು ಆ ಕೆಲಸ ಮಾಡಿದರೆಂದೂ ಅದು ಬಗ್ದಾದಿನ ಆಸ್ಪತ್ರೆಯ ಬಳಕೆಗಾಗಿತ್ತೆಂದೂ ಇಬ್ನು ನದೀಮ್ ತಮ್ಮ ಗ್ರಂಥಸೂಚಿಯಲ್ಲಿ ದಾಖಲಿಸಿದ್ದಾರೆ. ಜ್ಞಾನ ಯಾರದೆಂದು ಕೇಳುವ ಸಂಕುಚಿತತೆ ಅವರಿಗಿರಲಿಲ್ಲ.

ಅನಂತರ ಅಬೂಬಕ್ರ್ ರಾಝೀ ಮೂತ್ರಪಿಂಡ ಮತ್ತು ಮೂತ್ರಾಶಯದ ಕಲ್ಲುಗಳ ಬಗ್ಗೆಯೇ ಪ್ರತ್ಯೇಕ ಕೃತಿ ರಚಿಸಿದರು. ಇಬ್ನು ಸೀನಾ (980–1037) ತಮ್ಮ ‘ಕಾನೂನ್’ ಗ್ರಂಥದಲ್ಲಿ ಮೃದುವಾದ ಚರ್ಮದ ಕ್ಯಾಥೆಟರ್ ತಯಾರಿಸುವ ಬಗೆಯನ್ನೂ, ಮೂತ್ರಾಶಯ ಉರಿಯಿಂದ ಬಾತಿರುವಾಗ ಅದನ್ನು ಬಳಸಬಾರದೆಂಬ ಎಚ್ಚರಿಕೆಯನ್ನೂ ಬರೆದರು. ಇಂದು ನಮ್ಮ ಹಿರಿಯರು ನಾಚುವ ಆ ನಳಿಗೆಯು ಸಾವಿರ ವರ್ಷಗಳ ಹಿಂದೆಯೇ ಮುಸ್ಲಿಮ್ ವೈದ್ಯರ ಪೆಟ್ಟಿಗೆಯಲ್ಲಿತ್ತು.

ಆದರೆ ಈ ವಿಷಯದಲ್ಲಿ ಅಗ್ರಸ್ಥಾನ ಸ್ಪೇನಿನ ಕೊರ್ಡೋಬಾದ ಅಬುಲ್ ಕಾಸಿಮ್ ಝಹ್ರಾವೀ (936–1013) ಅವರಿಗೆ ಸಲ್ಲಬೇಕು. 30 ಭಾಗಗಳ ಅವರ ‘ತಸ್ರೀಫ್’ ಗ್ರಂಥದ ಕೊನೆಯ ಭಾಗ ಸಂಪೂರ್ಣವಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಉಪಕರಣಗಳ ಚಿತ್ರಗಳೂ ಅದರಲ್ಲಿವೆ. ಕಲ್ಲು ತೆಗೆಯುವ ಮೊದಲು ಎನಿಮಾದಿಂದ ಕರುಳನ್ನು ಬರಿದುಮಾಡಬೇಕು; ಇಲ್ಲವಾದರೆ ಕಲ್ಲು ಬೆರಳಿಗೆ ಸಿಗದು. ಕಲ್ಲು ದೊಡ್ಡದಾಗಿದ್ದರೆ ಗಾಯವನ್ನು ಹಿಗ್ಗಿಸದೆ ಇಕ್ಕಳದಿಂದ ಒಡೆದು ತುಂಡುತುಂಡಾಗಿ ತೆಗೆಯಬೇಕು. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಸೂಕ್ಷ್ಮವಾದ ಭೈರಿಗೆಯನ್ನು ಅವರು ವಿವರಿಸಿದರು. ಶಸ್ತ್ರಕ್ರಿಯೆಯ ಬಳಿಕ ಗಾಯಕ್ಕೆ ಪುಡಿಮದ್ದು ಹಾಕಿ ಕಟ್ಟಿ, ರೋಗಿಯನ್ನು ಅಂಗಾತ ಮಲಗಿಸಿ, ಮೂರನೆಯ ದಿನದವರೆಗೆ ಪಟ್ಟಿ ಬಿಚ್ಚಬಾರದೆಂದರು. ಬಾಲಕರಲ್ಲಿ ಈ ಚಿಕಿತ್ಸೆ ಸುಲಭ, ವೃದ್ಧರಲ್ಲಿ ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಮಹಿಳೆಯರ ಬಗ್ಗೆ ಅವರು ಪ್ರತ್ಯೇಕ ಅಧ್ಯಾಯವನ್ನೇ ಬರೆದರು. ಲಜ್ಜೆಯ ಕಾರಣ ಸ್ತ್ರೀಯರು ವೈದ್ಯರೆದುರು ಬರಲು ಹಿಂಜರಿಯುವುದನ್ನು ಅವರು ಅರಿತಿದ್ದರು. ನುರಿತ ವೈದ್ಯೆಯನ್ನು ಹುಡುಕಬೇಕು, ಸಿಗದಿದ್ದರೆ ಅನುಭವಿ ಸೂಲಗಿತ್ತಿಯನ್ನು ಕರೆಸಿ ವೈದ್ಯರ ಸೂಚನೆಯಂತೆ ಆಕೆಯಿಂದ ಪರೀಕ್ಷೆ ಮಾಡಿಸಬೇಕು ಎಂಬುದು ಅವರ ಸಲಹೆ. ಲಜ್ಜೆಯನ್ನು ಅವರು ಗೌರವಿಸಿದರು, ಆದರೆ ಅದರ ಹೆಸರಿನಲ್ಲಿ ಚಿಕಿತ್ಸೆಯನ್ನು ಕೈಬಿಡಲಿಲ್ಲ. ನೋವನ್ನು ನುಂಗಿಕೊಂಡಿರುವ ನಮ್ಮ ಮನೆಗಳ ತಾಯಂದಿರ ವಿಷಯದಲ್ಲಿ ನಾವೂ ಹೀಗೆಯೇ ನಡೆಯಬೇಕು.

ಕನ್ನಡ ನಾಡಿಗೂ ಈ ಪರಂಪರೆ ಬಂದಿತ್ತು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ (1436–1458) ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸ್ಲಿಮ್ ವೈದ್ಯರನ್ನು ಜೊತೆಯಾಗಿ ನೇಮಿಸಿದರು. ಇದನ್ನು ಬರೆದಿಟ್ಟ ಇತಿಹಾಸಕಾರ ಫಿರಿಶ್ತಾ ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹರ ಆಶ್ರಯದಲ್ಲಿದ್ದವರು. ಸ್ವತಃ ವೈದ್ಯಶಾಸ್ತ್ರ ಬಲ್ಲವರು. ಭಾರತೀಯ ವೈದ್ಯಪದ್ಧತಿಯನ್ನು ಮುಸ್ಲಿಮರಿಗೆ ಪರಿಚಯಿಸಲು ಅವರು ‘ದಸ್ತೂರುಲ್ ಅತಿಬ್ಬಾ’ ಎಂಬ ಪಾರ್ಸಿ ಗ್ರಂಥ ಬರೆದರು. ಆ ಕಾಲದಲ್ಲಿ ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರವೂ ಆದಿಲ್ ಶಾಹಿಗಳ ಆಳ್ವಿಕೆಯಲ್ಲಿತ್ತು.

ಮುಂದಿನ ದೊಡ್ಡ ಬದಲಾವಣೆ 19ನೇ ಶತಮಾನದ್ದು. 1846ರಲ್ಲಿ ಈಥರ್ ಅರಿವಳಿಕೆ ಬಂದು ರೋಗಿಯ ಯಾತನೆ ತಪ್ಪಿತು. 1878ರಲ್ಲಿ ಅಮೆರಿಕದ ಬಿಗೆಲೋ ಎಂಬವರು, ಮೂತ್ರಾಶಯದೊಳಗೇ ಕಲ್ಲನ್ನು ಪುಡಿಮಾಡಿ ಒಂದೇ ಬಾರಿಗೆ ಹೊರತೆಗೆಯುವ ವಿಧಾನವನ್ನು ಪ್ರಕಟಿಸಿದರು. ಉತ್ತರ ಭಾರತದಲ್ಲಿ ಈ ವಿಧಾನದಲ್ಲಿ ಕೈಪಳಗಿದ ಐರಿಷ್ ವೈದ್ಯ ಪೀಟರ್ ಫ್ರೇಯರ್ ರಾಂಪುರದ ನವಾಬರಿಗೂ ಚಿಕಿತ್ಸೆ ನೀಡಿದ್ದರು. ಅವರೇ 1900ರಲ್ಲಿ ಲಂಡನ್ನಿನಲ್ಲಿ ಊದಿದ ಪ್ರೋಸ್ಟೇಟನ್ನು ಹೊಟ್ಟೆಯ ಕೆಳಭಾಗದ ಮೂಲಕ ತೆಗೆಯುವ ಶಸ್ತ್ರಕ್ರಿಯೆ ಆರಂಭಿಸಿ ಹೆಸರಾದರು. ಇಂದು ಬಹುತೇಕ ರೋಗಿಗಳಿಗೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಮೂತ್ರದ ದಾರಿಯಿಂದಲೇ ದುರ್ಬೀನು ತೂರಿಸಿ ಪ್ರೋಸ್ಟೇಟನ್ನು ಕೆರೆಯುತ್ತಾರೆ, ಕಲ್ಲನ್ನು ಲೇಸರ್‌ನಿಂದ ಒಡೆಯುತ್ತಾರೆ. ನಮ್ಮ ಮೂರೂ ಊರುಗಳು ಹುಬ್ಬಳ್ಳಿ–ದಾವಣಗೆರೆ ರೈಲುಮಾರ್ಗದಲ್ಲಿವೆ. ಹುಬ್ಬಳ್ಳಿಯಲ್ಲಿ 1957ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಈಗ ಹಾವೇರಿಯಲ್ಲೂ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವು ಲಭ್ಯ.

ಉಪಕರಣ ಬದಲಾದರೂ ಪೂರ್ವಸಿದ್ಧತೆ ಮತ್ತು ತಾಳ್ಮೆಯ ಪಾಠ ಹಳೆಯದೇ. ಮಧುಮೇಹ, ಹೃದಯರೋಗ, ಅಲರ್ಜಿಗಳನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ರಕ್ತ ತೆಳುಮಾಡುವ ಮಾತ್ರೆಗಳನ್ನು ಮರೆಮಾಡಲೂಬಾರದು, ಸ್ವಂತವಾಗಿ ನಿಲ್ಲಿಸಲೂಬಾರದು. ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದರ ಚಿಕಿತ್ಸೆಯಾಗಬೇಕು. ಎಷ್ಟು ಗಂಟೆ ಉಪವಾಸವಿರಬೇಕೆಂದು ಹೇಳಿದರೋ ಅಷ್ಟನ್ನು ಪಾಲಿಸಬೇಕು.

ಪ್ರೋಸ್ಟೇಟ್ ಶಸ್ತ್ರಕ್ರಿಯೆಯ ಬಳಿಕ ಸಾಮಾನ್ಯವಾಗಿ ಕೆಲವು ದಿನ ಕ್ಯಾಥೆಟರ್ ಇರುತ್ತದೆ. ಮೂತ್ರ ಕೆಲವು ವಾರ ಆಗಾಗ ಕೆಂಪಾಗಬಹುದು. ಹತ್ತು ಹದಿನೈದು ದಿನಗಳ ನಂತರ ಮತ್ತೆ ರಕ್ತ ಕಂಡರೆ ಗಾಬರಿಪಡದೆ ನೀರು ಹೆಚ್ಚು ಕುಡಿದು ವೈದ್ಯರಿಗೆ ತಿಳಿಸಬೇಕು. ಮಲಬದ್ಧತೆಯಾಗದಂತೆ ನೋಡಿಕೊಳ್ಳಬೇಕು. ನಾಲ್ಕಾರು ವಾರ ಮೆಣಸಿನಕಾಯಿ ಚೀಲ ಹೊರುವುದು, ಬೈಕಿನಲ್ಲಿ ದೂರ ಹೋಗುವುದು ಬೇಡ. ಸುಶ್ರುತರು ಕುದುರೆ ಬೇಡವೆಂದದ್ದೂ ಇದೇ ಕಾರಣಕ್ಕೆ. ಚಳಿಜ್ವರ, ರಕ್ತದ ಗಡ್ಡೆಗಳು, ಮೂತ್ರ ಪೂರ್ತಿ ಕಟ್ಟುವುದು ಇವುಗಳಲ್ಲಿ ಯಾವುದಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಲ್ಲಿನ ಚಿಕಿತ್ಸೆಯಲ್ಲಿ ಒಳಗೆ ಸ್ಟೆಂಟ್ ಹಾಕಿದ್ದರೆ ಅದನ್ನು ತೆಗೆಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನೋವು ಹೋಯಿತೆಂದು ಮರೆತ ಸ್ಟೆಂಟ್ ಒಳಗೇ ಕಲ್ಲುಗಟ್ಟಿ ಮೂತ್ರಪಿಂಡಕ್ಕೆ ಕುತ್ತಾಗುತ್ತದೆ.

ಇನ್ನು ಆ ಹಳೆಯ ಪ್ರಶ್ನೆ: ನಮಾಝ್ ಹೇಗೆ? ನಿರಂತರವಾಗಿ ಮೂತ್ರ ಹರಿಯುವವರನ್ನು ಫಿಕ್ಹ್ ವಿದ್ವಾಂಸರು ‘ಮಅ್‌ಝೂರ್’ ಎಂದರೆ ವಿನಾಯಿತಿ ಪಡೆದವರೆಂದು ಕರೆದಿದ್ದಾರೆ. ಹನಫೀ ಮಸ್‌ಹಬಿನಲ್ಲಿ ಅವರು ಪ್ರತಿ ನಮಾಝಿನ ಸಮಯಕ್ಕೆ ಒಮ್ಮೆ ವುಝೂ ಮಾಡಿದರೆ ಆ ಸಮಯ ಮುಗಿಯುವವರೆಗೆ ಹರಿಯುವ ಮೂತ್ರದಿಂದ ವುಝೂ ಮುರಿಯುವುದಿಲ್ಲ. ಶಾಫಿಈ ಮಸ್‌ಹಬಿನಲ್ಲಿ ಪ್ರತಿಯೊಂದು ಫರ್ಝ್ ನಮಾಝಿಗೂ ವುಝೂ ಬೇಕು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದೆಂದು ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿ(ಸ)ಯವರೇ ಕಲಿಸಿದ್ದಾರೆ. ರಮಝಾನಿನ ಉಪವಾಸವನ್ನು ರೋಗಿಯು ಬಳಿಕ ಪೂರೈಸಬಹುದೆಂದು ಕುರ್‌ಆನ್ ವಿನಾಯಿತಿ ನೀಡಿದೆ. ಪ್ರತ್ಯೇಕ ಸಂದೇಹವಿದ್ದರೆ ಊರಿನ ಆಲಿಮರನ್ನು ಕೇಳಬಹುದು.

ಕೊನೆಯ ಸಾಲಿಗೆ ಸರಿದ ಹಿರಿಯರನ್ನು ಕಂಡಾಗ ‘ಚಾಚಾ, ಮೂತ್ರದ ತೊಂದರೆ ಏನಾದರೂ ಇದೆಯೇ?’ ಎಂದು ಮೆಲ್ಲನೆ ಕೇಳುವ ಧೈರ್ಯವನ್ನು ನಮ್ಮ ಯುವಕರು ಬೆಳೆಸಿಕೊಳ್ಳಲಿ. ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಗುಣಮುಖರಾದ ಮೇಲೆ ಮತ್ತೆ ಮಸೀದಿಗೆ ಕೈಹಿಡಿದು ಕರೆತರುವುದೂ ಪುಣ್ಯದ ಕಾರ್ಯವೇ. ಅಲ್ಲಾಹನು ನಮ್ಮ ರೋಗಿಗಳೆಲ್ಲರಿಗೂ ಪೂರ್ಣ ಶಿಫಾ ಕರುಣಿಸಲಿ. ಆಮೀನ್.