ಹಲಗೆ, ಕಡತ, ಬಳಪ

ಕಡತ ಎಂದರೆ ಇವತ್ತು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸರಿಯುವ ಫೈಲು. ‘ಕಡತ ವಿಲೇವಾರಿ’ ಎಂಬ ಮಾತು ಕೇಳಿದಾಗ ಯಾರಿಗೂ ಮಕ್ಕಳ ನೆನಪಾಗುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಕಡತವೆಂದರೆ ಗಂಜಿ ಹಾಕಿ ಗಡುಸು ಮಾಡಿ, ಇದ್ದಿಲು ಬಳಿದು, ಪುಸ್ತಕದ ಹಾಗೆ ಮಡಿಸಿದ ಕಪ್ಪು ಬಟ್ಟೆ. ವರ್ತಕರು ಅದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಈಗಲೂ ಚರಿತ್ರೆಕಾರರಿಗೆ ಆಕರ. ಅದೇ ಬಟ್ಟೆ ಊರಿನ ಹಳೆಯ ಶಾಲೆಯಾದ ಕೂಲಿಮಠದ ಹುಡುಗನ ಕೈಯಲ್ಲೂ ಇತ್ತು. ಅದಕ್ಕೆ ಜೋಡಿಯಾಗಿ ಹಲಗೆ, ಎರಡರ ಮೇಲೂ ಬರೆಯಲು ಬಳಪ. ಈ ಮೂರು ಶಬ್ದಗಳು ಮುಂದೆ ಹಿಡಿದ ದಾರಿಯಲ್ಲಿ ನಮ್ಮ ತರಗತಿಗಳ ಇತಿಹಾಸದ ಒಂದು ಎಳೆ ಸಿಗುತ್ತದೆ. ಕಡತ ಕಚೇರಿ ಸೇರಿತು. ಹಲಗೆ ಮಗುವಿನ ತೊಡೆಯಿಂದ ಎದ್ದು, ಗೋಡೆ ಹತ್ತಿ, ಕಪ್ಪು ಹಲಗೆಯಾಯಿತು. ಬಳಪದ ಜಾಗಕ್ಕೆ ತಾನು ಹೊರಗಿನಿಂದ ಬಂದದ್ದು ಎಂದು ಹೆಸರಲ್ಲೇ ಸಾರುವ ಸೀಮೆಸುಣ್ಣ ಬಂತು. ಬಂದದ್ದು ಮೇಷ್ಟರ ಕೈಗೆ. ಹೊಸ ಕಲಿಕಾ ಉಪಕರಣವೊಂದು ಬಂದಾಗಲೆಲ್ಲ ಅದು ಎಷ್ಟು ಹೊಸದು ಎಂದು ವಿಚಾರಿಸುತ್ತೇವೆ. ಅದು ಯಾರ ಕೈಯಲ್ಲಿದೆ, ಅದರ ಸುತ್ತ ಮಕ್ಕಳನ್ನು ಹೇಗೆ ಕೂರಿಸಿದ್ದಾರೆ ಎಂಬ ಪ್ರಶ್ನೆಗೆ ಅದಕ್ಕಿಂತ ಹೆಚ್ಚು ತೂಕವಿದೆ ಎಂಬುದು ಈ ಬರಹದ ವಾದ.

ಇದಕ್ಕೆ ಸಿಗುವ ಹಳೆಯ ಸಾಕ್ಷ್ಯಗಳಲ್ಲಿ ತುಂಬ ವಿವರವಾದದ್ದು ಬಳ್ಳಾರಿಯದು. 1822ರ ಜೂನ್‌ನಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಶಾಲೆಗಳ ಲೆಕ್ಕ ಕೊಡುವಂತೆ ಕಲೆಕ್ಟರುಗಳಿಗೆ ಆಜ್ಞೆ ಮಾಡಿದ. ಹೆಚ್ಚಿನವರು ಅಂಕಿಗಳ ಪಟ್ಟಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್ 17ರಂದು ಬರೆದ ವರದಿಯಲ್ಲಿ ಶಾಲೆಯ ಒಳಕ್ಕೇ ಓದುಗನನ್ನು ಕರೆದೊಯ್ದ. ಈತ ತೆಲುಗಿಗೆ ವ್ಯಾಕರಣ ಬರೆದವನು, ಭಾಷೆಯ ಬಗ್ಗೆ ಕಿವಿ ಇದ್ದವನು. ಅವನ ಲೆಕ್ಕದಂತೆ ಒಂಬತ್ತು ಲಕ್ಷ ದಾಟಿದ ಜನಸಂಖ್ಯೆಯ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅಂದರೆ ಶಾಲೆಗೆ ಹನ್ನೆರಡು ಹುಡುಗರು. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಫಾರಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಬರವಣಿಗೆ ಮೊದಲಾಗುವುದು ನೆಲದ ಮರಳಿನಲ್ಲಿ, ಬೆರಳಿನಿಂದ. ಆಮೇಲೆ ಹಲಗೆ: ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡನ್ನು ನುಣುಪಾಗಿಸಿ, ಅನ್ನ ಮತ್ತು ಇದ್ದಿಲ ಪುಡಿ ಸವರಿದರೆ ಮುಗಿಯಿತು. ಅಥವಾ ಕಡತ. ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಕ್ಯಾಂಪ್‌ಬೆಲ್ ಹಲಗೆಯನ್ನೂ ಕಡತವನ್ನೂ ಬಳಪವನ್ನೂ ಸ್ಥಳೀಯ ಹೆಸರುಗಳಿಂದಲೇ ಕರೆಯುತ್ತಾನೆ. ಅವನ ಇಂಗ್ಲಿಷ್ ಕಾಗುಣಿತದಲ್ಲಿ ಬಳಪ ಸ್ವಲ್ಪ ಕುಂಟಿದೆ, ಆದರೆ ಗುರುತು ಸಿಗುತ್ತದೆ. ಅಗ್ಗ ಎನ್ನುವುದಕ್ಕಿಂತ ಈ ಉಪಕರಣಗಳಲ್ಲಿ ಇನ್ನೊಂದು ಗುಣ ದೊಡ್ಡದು. ಮರಳೂ ಹಲಗೆಯೂ ತಪ್ಪನ್ನು ಉಳಿಸಿಕೊಳ್ಳುವುದಿಲ್ಲ. ಕಾಗದಕ್ಕೆ ಬೆಲೆ ಇದ್ದ ಕಾಲದಲ್ಲಿ ಮಗು ಒಂದೇ ಅಕ್ಷರವನ್ನು ನೂರು ಸಲ ತಿದ್ದಬಹುದಾಗಿದ್ದರೆ ಅದು ಇದರಿಂದ.

ಶಾಲೆಗೆ ಹನ್ನೆರಡು ಹುಡುಗರೆಂದರೆ ಹನ್ನೆರಡು ಮಟ್ಟ. ಒಬ್ಬ ಓನಾಮ ತಿದ್ದುತ್ತಿದ್ದಾನೆ, ಇನ್ನೊಬ್ಬ ಕಾಗುಣಿತದಲ್ಲಿದ್ದಾನೆ, ಮತ್ತೊಬ್ಬ ಮುಕ್ಕಾಲರ ಮಗ್ಗಿ ಒಪ್ಪಿಸುತ್ತಾನೆ. ಐಗಳು, ಅಂದರೆ ಮೇಷ್ಟರು, ಒಬ್ಬರೇ. ಮುಂದೆ ಹೋದ ಹುಡುಗ ಹಿಂದಿರುವವನಿಗೆ ಹೇಳಿಕೊಡುವುದು ಇದಕ್ಕೆ ಕಂಡುಕೊಂಡ ಉಪಾಯ. ಕೆಳಗಿನ ಗುಂಪುಗಳು ಹಿರಿಯ ಹುಡುಗರ ಉಸ್ತುವಾರಿಯಲ್ಲಿ, ಮೇಲಿನವು ನೇರ ಗುರುವಿನ ಕೈಕೆಳಗೆ. ಹೇಳಿಕೊಡುವವನಿಗೆ ತಾನು ಕಲಿತದ್ದು ಗಟ್ಟಿಯಾಗುತ್ತದೆ ಎಂದು ಮೆಚ್ಚಿದ ಕ್ಯಾಂಪ್‌ಬೆಲ್, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದೂ ಸೇರಿಸುತ್ತಾನೆ. ಆ ಮಾತಿನ ಹಿಂದೆ ಒಂದು ಕಥೆಯಿದೆ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ ಪಾದ್ರಿ ಆ್ಯಂಡ್ರ್ಯೂ ಬೆಲ್, ದಾರಿಬದಿಯ ದೇಶಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬೆರಳಾಡಿಸುವುದನ್ನು ಕಂಡ. ತನ್ನ ಉಪಾಧ್ಯಾಯರು ಅದಕ್ಕೆ ಒಗ್ಗದೆ ಹೋದಾಗ ಎಂಟು ವರ್ಷದ ಹುಡುಗನೊಬ್ಬನಿಗೇ ಕೆಳಗಿನ ತರಗತಿ ವಹಿಸಿಕೊಟ್ಟ. 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ಪುಸ್ತಕ ಅಚ್ಚಾಯಿತು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಕೂಡ ಇಂಥದೇ ವಿಧಾನ ಹಿಡಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಬಡವರ ಶಾಲೆಗಳನ್ನು ಆವರಿಸಿತು. ಪಯಣದಲ್ಲಿ ಅದರ ಸ್ವಭಾವ ಮಾತ್ರ ಬದಲಾಯಿತು. ಹನ್ನೆರಡು ಮಕ್ಕಳ ಜಗಲಿಯಲ್ಲಿ ನೆರೆಹೊರೆಯ ಸಹಾಯವಾಗಿದ್ದದ್ದು, ನೂರಾರು ಮಕ್ಕಳ ಹಜಾರದಲ್ಲಿ ಕಡಿಮೆ ಖರ್ಚಿನ ಕವಾಯತಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರಬೇಕು, ಬರುವುದೂ ನ್ಯಾಯ. 1983ರಲ್ಲಿ ಧರಂಪಾಲ್ ಇದೇ ಮದ್ರಾಸ್ ಸಮೀಕ್ಷೆಯನ್ನು ಮುಂದಿಟ್ಟು ಬ್ರಿಟಿಷರಿಗಿಂತ ಮುಂಚಿನ ದೇಶಿ ಶಿಕ್ಷಣವನ್ನು ‘ಸುಂದರ ವೃಕ್ಷ’ವೆಂದು ಕೊಂಡಾಡಿದ ಮೇಲೆ ಕೂಲಿಮಠದ ಹೆಸರೆತ್ತುವುದೇ ಹಳೆಯದನ್ನು ಹೊಗಳಿದಂತೆ ಕೇಳುತ್ತದೆ. ಬಳ್ಳಾರಿಯ ವರದಿಯನ್ನು ಪೂರ್ತಿ ಓದಿದರೆ ಹೊಗಳಿಕೆಗೆ ಅಷ್ಟು ಎಡೆಯಿಲ್ಲ. ಆ 6,641 ಮಂದಿಯಲ್ಲಿ ಹುಡುಗಿಯರು 60. ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಂದ ಮೊದಲ್ಗೊಂಡು ಒಂದೊಂದೇ ಹೆಚ್ಚಾಗುತ್ತ ಹೋಗುವ ಏಟು. ಕಲಿಯದವನನ್ನು ಎರಡೂ ಕೈ ಕಟ್ಟಿ ಮಾಡಿಗೆ ನೇತುಹಾಕುವುದೂ ಬಸ್ಕಿ ಹೊಡೆಸುವುದೂ ವರದಿಯಲ್ಲಿದೆ. ಕೋದಂಡ ಎಂಬ ಶಬ್ದಕ್ಕೆ ಕನ್ನಡದಲ್ಲಿ ರಾಮನ ಬಿಲ್ಲಿನ ಜೊತೆಗೆ ನೇತುಹಾಕುವ ಶಿಕ್ಷೆ ಎಂಬ ಇನ್ನೊಂದು ಅರ್ಥ ಯಾಕೆ ಅಂಟಿಕೊಂಡಿತೆಂದು ಇದರಿಂದ ತಿಳಿಯುತ್ತದೆ. ಪದ್ಯಗಳನ್ನು ಗಿಣಿಯ ಹಾಗೆ ಒಪ್ಪಿಸುವ ಹುಡುಗನಿಗೆ ಅರ್ಥ ಗೊತ್ತಿರುವುದಿಲ್ಲ ಎಂಬ ದೂರೂ ಕ್ಯಾಂಪ್‌ಬೆಲ್‌ನದೇ. ದಲಿತರ ಮಕ್ಕಳಿಗೆ ಆ ಜಗಲಿ ಹತ್ತುವ ಹಕ್ಕೇ ಇರಲಿಲ್ಲ. ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಕ್ರೌರ್ಯ, ಜಾತಿ, ಕಂಠಪಾಠ ಆ ಶಾಲೆ ಬೆಳೆದ ಸಮಾಜದಿಂದ ಬಂದವು. ಹಲಗೆಯನ್ನು ಮಗುವಿನ ತೊಡೆಯ ಮೇಲಿಟ್ಟು, ಬೇರೆ ಬೇರೆ ಮಟ್ಟದವರಿಗೆ ಒಟ್ಟಿಗೆ ಕಲಿಸುವ ಏರ್ಪಾಟು ಒಂದು ಕಸುಬಿನ ಜ್ಞಾನ. ಮೊದಲನೆಯದನ್ನು ಬಿಡಿಸಲು ಹೋಗಿ ನಾವು ಎರಡನೆಯದನ್ನು ಬಿಟ್ಟೆವು. ಮೊದಲನೆಯದು ಪೂರ್ತಿ ಬಿಟ್ಟುಹೋಯಿತೇ ಎಂದರೆ, ಬೆತ್ತ ಮುಂದಿನ ನೂರು ವರ್ಷ ಮೇಜಿನ ಮೇಲೆಯೇ ಇತ್ತು.

ಬಿಟ್ಟದ್ದು ಹೇಗೆ? 1854ರ ವುಡ್‌ನ ಆದೇಶಪತ್ರದ ಬೆನ್ನಿಗೆ ಪ್ರಾಂತ್ಯಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿದವು. ಧಾರವಾಡ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿಯ ನಡುವೆ ಕನ್ನಡ ಶಾಲೆಗಳನ್ನು ಕಟ್ಟಿದರು, ಮೈಸೂರಿನಲ್ಲಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಊರ ಐಗಳನ್ನೇ ಆರಿಸಿ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಹಿಂದಕ್ಕೆ ಕಳಿಸುವುದು ಅದರ ಸಾರ. ಶಾಲೆಗಳು ಹೆಚ್ಚಿದವು, ಬಾಗಿಲು ನಿಧಾನಕ್ಕಾದರೂ ಅಗಲವಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಇಲಾಖೆಗೆ ಎಣಿಸಲು ಬರುವ ಘಟಕ ಬೇಕು. ಹಾಗಾಗಿ ಇಯತ್ತೆ, ಅಂದರೆ ತರಗತಿ, ಬಂತು, ಒಂದು ಇಯತ್ತೆಗೆ ಒಂದು ಪಠ್ಯಪುಸ್ತಕ, ಒಂದು ಪರೀಕ್ಷೆ, ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರರ ಸವಾರಿ. ಮದ್ರಾಸ್ ಪ್ರಾಂತ್ಯದಲ್ಲಂತೂ ಪಾಸಾದ ಮಕ್ಕಳ ಲೆಕ್ಕಕ್ಕೆ ತಕ್ಕಂತೆ ಅನುದಾನ ಕೊಡುವ ಪದ್ಧತಿ ಕೆಲವು ದಶಕ ನಡೆಯಿತು. ಎಲ್ಲರೂ ಒಂದೇ ದಿನ ಒಂದೇ ಪ್ರಶ್ನೆಗೆ ಉತ್ತರಿಸಬೇಕೆಂದ ಮೇಲೆ ಎಲ್ಲರೂ ಒಂದೇ ಕಡೆ ನೋಡುವುದು ಅನುಕೂಲ. ಗೋಡೆಯ ಕಪ್ಪು ಹಲಗೆ ಈ ಅನುಕೂಲದ ಆಕಾರ. ಮಗುವಿನ ಕೈಯಿಂದ ಹಲಗೆ ಹೋಗಲಿಲ್ಲವಲ್ಲ, ಸ್ಲೇಟು ಇತ್ತಲ್ಲ ಎನ್ನಬಹುದು. ಇತ್ತು, ಪಾಟಿಚೀಲದಲ್ಲಿ ತಲೆಮಾರುಗಟ್ಟಲೆ ಇತ್ತು. ಗೋಡೆಯ ಮೇಲಿದ್ದುದನ್ನು ನೋಡಿ ಬರೆದುಕೊಳ್ಳುವುದು ಅದರ ಮುಖ್ಯ ಕೆಲಸವಾಯಿತು. ಉಪಕರಣ ಅದೇ ಜಾಗದಲ್ಲಿದ್ದೂ ಅಧಿಕಾರ ಗೋಡೆಗೆ ಹೋಯಿತು.

ಇಲಾಖೆಯೊಳಗೇ ಇದರ ಇಕ್ಕಟ್ಟನ್ನು ಕಂಡವರಿದ್ದರು. ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು ಹಾಡನ್ನೂ ಕಥೆಯನ್ನೂ ತರಗತಿಯೊಳಕ್ಕೆ ತಂದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಇವು ವ್ಯಕ್ತಿಗಳ ಪ್ರತಿಭೆಯಿಂದ ಬೆಳಗಿದ ಕಿಟಕಿಗಳು. ಕೋಣೆಯ ಏರ್ಪಾಟು ಅವರ ಕೈಯಲ್ಲಿರಲಿಲ್ಲ.

ಆಮೇಲೆ ಯಂತ್ರಗಳ ಸರದಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ಕಳಿಸಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ವಿದ್ಯುತ್ತೇ ಸರಿಯಾಗಿ ಮುಟ್ಟದ ಊರಿನಲ್ಲಿ ಕೋಳಿಗೂಡಿನ ಜಾಲರಿಯಂಥ ತಂತಿಯ ಆಂಟೆನಾ ನೆಟ್ಟು, ಬೆಳಗಿನ ಹೊತ್ತು ಇಪ್ಪತ್ತು ನಿಮಿಷ ಚಿಲ್ಲರೆ ಮಕ್ಕಳಿಗಾಗಿ ಕಾರ್ಯಕ್ರಮ. ಸಾಹಸಕ್ಕೆ ತಲೆಬಾಗಬೇಕು. ಆದರೆ ಐದು ವರ್ಷದ ಮಗುವಿನಿಂದ ಹನ್ನೆರಡರ ಹುಡುಗನವರೆಗೆ ಎಲ್ಲರೂ ನೋಡುವುದು ಒಂದೇ ಚಿತ್ರ. ಅರ್ಥವಾಗದಿದ್ದರೆ ನಿಲ್ಲಿಸಿ ಕೇಳುವಂತಿಲ್ಲ, ಒರೆಸಿ ಮತ್ತೆ ಬರೆಯುವಂತಿಲ್ಲ. ಅದೇ ಪ್ರಯೋಗದ ಇನ್ನೊಂದು ಭಾಗ ಹೆಚ್ಚು ಪಾಠ ಹೇಳುತ್ತದೆ: ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ರಜೆಯಲ್ಲಿ ಕೊಟ್ಟ ವಿಜ್ಞಾನದ ತರಬೇತಿ. ಅಲ್ಲಿ ಟಿವಿಯ ಜೊತೆಗೆ ರೇಡಿಯೊ, ಮುದ್ರಿತ ಸಾಮಗ್ರಿ, ಕೈಯಾರೆ ಮಾಡುವ ಪ್ರಯೋಗ, ಕೂತು ಚರ್ಚೆ ಎಲ್ಲ ಸೇರಿತ್ತು. ದೊಡ್ಡವರಿಗೆ ಕಲಿಸುವಾಗ ಬರಿಯ ಪರದೆ ಸಾಲದೆಂದು ಯೋಜಕರಿಗೆ ಹೊಳೆದಿತ್ತು. 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಹಾರಿದಾಗ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಕನ್ನಡದ ಪಾಠ ಆಕಾಶದಿಂದ ಇಳಿಯಿತು. ಆಕಾಶವಾಣಿಯ ‘ಕೇಳಿ ಕಲಿ’ಯೂ ಸುಮಾರು ಅದೇ ಕಾಲದ್ದು. ಉಪಗ್ರಹ ಬದಲಾಗಿತ್ತು, ಮಕ್ಕಳು ಕೂತ ಸಾಲು ಬದಲಾಗಿರಲಿಲ್ಲ.

ಸಾಲು ಬದಲಾದದ್ದು ಹೆಗ್ಗಡದೇವನಕೋಟೆಯಲ್ಲಿ, ಯಂತ್ರದ ನೆರವಿಲ್ಲದೆ. 1995ರಲ್ಲಿ ಈ ಕಾಡಂಚಿನ ತಾಲ್ಲೂಕಿನ ಕೆಲವು ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅದರ ಸುತ್ತಲಿನ ಪುಟ್ಟ ಹಳ್ಳಿಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುವ ಕಲಿಕೆಯನ್ನು ನೋಡಿ ಬಂದರು. ಬಂದವರು ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ-ಕಲಿ. ಪಠ್ಯಪುಸ್ತಕ ಒಡೆದು ಮೈಲಿಗಲ್ಲುಗಳಾಯಿತು, ಮೈಲಿಗಲ್ಲು ಏರುವ ದಾರಿ ಕಲಿಕಾ ಏಣಿಯಾಯಿತು. ಪ್ರತಿ ಕಾರ್ಡಿಗೂ ಲೋಗೊ ಎಂಬ ಚಿತ್ರದ ಗುರುತು, ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳಲಿ ಎಂದು. ಮಕ್ಕಳು ಕೂರುವುದು ‘ತಟ್ಟೆ’ಗಳಲ್ಲಿ: ಒಂದು ಪೂರ್ತಿ ಶಿಕ್ಷಕರ ಆಸರೆಯದು, ಒಂದು ಅರೆ ಆಸರೆಯದು, ಎರಡು ಗೆಳೆಯರ ಆಸರೆಯವು, ಕೊನೆಯದು ಸ್ವಕಲಿಕೆಯದು. ಕ್ಯಾಂಪ್‌ಬೆಲ್ ಕಂಡ ಗುಂಪುಗಳಿಗೂ ಇದಕ್ಕೂ ನೇರ ಸಂಬಂಧವಿಲ್ಲ, ಯಾರೂ 1823ರ ವರದಿ ಓದಿ ತಟ್ಟೆ ಮಾಡಲಿಲ್ಲ. ಅದೇ ಕಷ್ಟ ಎದುರಾದಾಗ ಅದೇ ದಿಕ್ಕಿನ ಪರಿಹಾರ ಹೊಳೆಯಿತು, ಈ ಬಾರಿ ಕೋದಂಡವಿಲ್ಲದೆ, ಹುಡುಗಿಯರನ್ನೂ ಸೇರಿಸಿಕೊಂಡು. ಗೋಡೆಯ ಕಪ್ಪು ಹಲಗೆ ಮಕ್ಕಳ ಎತ್ತರಕ್ಕೆ ಇಳಿದು, ಕೋಣೆಯ ಸುತ್ತ ಹರಡಿ, ಮಕ್ಕಳ ಪಾಲಿಗೆ ಮರಳಿ ಬಂತು. ವರ್ಣಮಾಲೆಯ ಕ್ರಮವೂ ಕದಲಿತು. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ದಸರ, ಅಗಸ, ಅರಸ, ಗರಗಸ ಎಲ್ಲ ಹುಟ್ಟುತ್ತವೆ. ಕೆಲವು ವಾರದಲ್ಲೇ ಮಗು ಓದುತ್ತದೆ.

ನಲಿ-ಕಲಿಗೆ ಆಕ್ಷೇಪಣೆ ಇಲ್ಲವೆಂದಲ್ಲ. ಒಂದು ತಾಲ್ಲೂಕಿನ ಶಿಕ್ಷಕರ ಸ್ವಂತ ಹುಡುಕಾಟ 2009ರ ಹೊತ್ತಿಗೆ ಇಡೀ ರಾಜ್ಯದ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಆದೇಶವಾಗಿ ಇಳಿದಾಗ ಅದರ ಜೀವ ಸ್ವಲ್ಪ ಒಣಗಿತು. ಹೆಗ್ಗಡದೇವನಕೋಟೆಯವರು ಬರೆದುಕೊಂಡ ಕಾರ್ಡು ಬೇರೆಡೆ ಪೆಟ್ಟಿಗೆಯಲ್ಲಿ ಸರಬರಾಜಾದ ಕಾರ್ಡಾಯಿತು. ದಾಖಲೆ ತುಂಬುವ ಹೊರೆಯ ಬಗ್ಗೆ ಶಿಕ್ಷಕರ ಗೊಣಗಾಟವೂ, ಮಗು ಇನ್ನೂ ಅ ಆ ಇ ಈ ಹೇಳುತ್ತಿಲ್ಲವಲ್ಲ ಎಂಬ ತಂದೆತಾಯಿಯ ಆತಂಕವೂ ಸುಳ್ಳಲ್ಲ. ಆದರೆ ಈ ದೂರುಗಳು ಹೇಳುವುದು ಏರ್ಪಾಟನ್ನು ಹೊರಗಿನಿಂದ ಹೇರಿದರೆ ಏನಾಗುತ್ತದೆ ಎಂಬುದನ್ನು. ಇನ್ನೂ ಗಟ್ಟಿಯಾದ ಆಕ್ಷೇಪಣೆ ಈ ಕಾಲದ್ದು: ಟ್ಯಾಬ್ಲೆಟ್ಟು, ಫೋನು ಮಗುವಿನ ಕೈಯಲ್ಲೇ ಇರುತ್ತವೆ, ತಪ್ಪನ್ನು ಒರೆಸುತ್ತವೆ, ಮಗುವಿನ ವೇಗಕ್ಕೆ ನಡೆಯುತ್ತವೆ, ಹಾಗಿದ್ದರೆ ಹಲಗೆ ತೊಡೆಗೆ ಮರಳಿದಂತಲ್ಲವೇ? ಅರ್ಧ ಮರಳಿದೆ ಎನ್ನಬೇಕು. ಕೂಲಿಮಠದ ಹಲಗೆಯ ಪಕ್ಕದಲ್ಲಿ ಒಬ್ಬ ಹಿರಿಯ ಹುಡುಗನಿದ್ದ, ನಲಿ-ಕಲಿಯ ತಟ್ಟೆಯಲ್ಲಿ ಗೆಳೆಯನಿದ್ದಾನೆ. ಪರದೆಯ ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ಕೊಳ್ಳುವವರು ವಿಚಾರಿಸುವುದು ಕಡಿಮೆ. 2020ರಲ್ಲಿ ಕೊರೊನಾ ಶಾಲೆ ಮುಚ್ಚಿಸಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾದಾಗ ಇಲಾಖೆ ಮಕ್ಕಳನ್ನು ಮನೆಯಲ್ಲಿರುವ ಉಪಕರಣದ ಪ್ರಕಾರ ವಿಂಗಡಿಸಿತು: ಫೋನಿಲ್ಲದವರು, ಸಾದಾ ಫೋನಿನವರು, ಸ್ಮಾರ್ಟ್‌ಫೋನಿನವರು. ಶಿಕ್ಷಕರು ಊರೊಳಗೆ ಹೋಗಿ ಗುಡಿ, ಸಮುದಾಯ ಭವನ, ಮರದ ನೆರಳಿನಲ್ಲಿ ವಠಾರ ಶಾಲೆ ನಡೆಸಿದರು. ಎರಡು ತಿಂಗಳಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಬೇಕಾಯಿತು. ಆ ಎರಡು ತಿಂಗಳು ಮಾತ್ರ ಬೇರೆ ಬೇರೆ ಮಟ್ಟದ ಸಣ್ಣ ಗುಂಪೊಂದು ಒಬ್ಬರೇ ಗುರುವಿನ ಸುತ್ತ ಮತ್ತೆ ಜಗಲಿಯಲ್ಲಿ ಕೂತಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆ ಅರುವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ನಿಗದಿಪಡಿಸುತ್ತದೆ. ತರಗತಿಗಳು ಐದು. ಹಾಗಾಗಿ ಒಂದೇ ಕೋಣೆಯಲ್ಲಿ ಹಲವು ಮಟ್ಟದವರು ಕೂರುವುದು ಹಿಂದುಳಿದ ಊರಿನ ಅಪವಾದವೇನಲ್ಲ, ಕಾಯ್ದೆಯ ಲೆಕ್ಕಾಚಾರದಲ್ಲೇ ಅದಿದೆ. ಅಂಥ ಕೋಣೆಗೆ ಈಗ ಸ್ಮಾರ್ಟ್ ಬೋರ್ಡ್ ಬರುತ್ತಿದೆ. ಒಂದು, ಎರಡು, ಮೂರನೆಯ ತರಗತಿ ಒಟ್ಟಿಗೆ ಕೂತಿರುವಾಗ ಆ ಒಂದೇ ಪರದೆಯಲ್ಲಿ ಯಾವ ತರಗತಿಯ ಪಾಠ ಓಡಿಸುವುದು, ಉಳಿದೆರಡು ತರಗತಿಯವರು ಅಷ್ಟು ಹೊತ್ತು ಏನು ಮಾಡುವುದು ಎಂಬುದನ್ನು ಅದರ ಜೊತೆ ಬರುವ ಕೈಪಿಡಿ ಶಿಕ್ಷಕರಿಗೇ ಬಿಟ್ಟಿರುತ್ತದೆ.