ಮುಗಿಯದ ತೇಪೆ: ಮೊಬೈಲ್ ಆಪ್‌ಗಳಿಗೆ ಪದೇ ಪದೇ ಅಪ್‌ಡೇಟ್ ಏಕೆ?

ವಿಜಯನಗರದ ಮಾರುಕಟ್ಟೆಯಲ್ಲಿ ಅರ್ಧ ಕೆ.ಜಿ. ಹುರುಳಿಕಾಯಿ ಕೊಂಡು, ಹಣ ಕೊಡಲು ಫೋನ್ ತೆರೆದಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ ‘ಮೊದಲು ಅಪ್‌ಡೇಟ್ ಮಾಡಿ’ ಎಂಬ ಸೂಚನೆ! ಹೋದ ವಾರವಷ್ಟೇ ಮಾಡಿದ್ದಿರಿ. ಅಂಗಡಿಯ ತಕ್ಕಡಿ ವರ್ಷಗಟ್ಟಲೆ ಹಾಗೆಯೇ ಕೆಲಸ ಮಾಡುತ್ತದೆ. ನಿಮ್ಮ ಆಪ್‌ಗೆ ಮಾತ್ರ ಈ ರಗಳೆ ಏಕೆ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾಗದದ ತೇಪೆಯಿಂದ ಆರಂಭ

1944ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ‘ಮಾರ್ಕ್ 1’ ಗಣಕಕ್ಕೆ ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿ ಕೊಡುತ್ತಿದ್ದರು. ರಂಧ್ರ ತಪ್ಪಾದರೆ ಅದರ ಮೇಲೆ ಕಾಗದದ ಚೂರು ಅಂಟಿಸಿ ಸರಿಪಡಿಸುತ್ತಿದ್ದರು. ತಂತ್ರಾಂಶದ ತಿದ್ದುಪಡಿಯನ್ನು ಇಂದಿಗೂ ‘ಪ್ಯಾಚ್’, ಅಂದರೆ ತೇಪೆ, ಎಂದು ಕರೆಯುವುದಕ್ಕೆ ಇಂಥ ತೇಪೆಗಳೇ ಮೂಲ.

ತಪ್ಪಿಲ್ಲದ ಪ್ರೋಗ್ರಾಮಿಗೂ ತೇಪೆ ಬೇಕಾಗಬಹುದು ಎಂಬುದನ್ನು ಜಗತ್ತಿಗೆ ತಿಳಿಸಿದ್ದು 2000ನೇ ಇಸವಿ. ಗಣಕದ ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಡುತ್ತಿದ್ದರು. 1965 ಎಂದರೆ 65. ಆದರೆ 2000 ಬಂದಾಗ 00 ಎಂಬುದು 1900 ಎಂದೂ ಆಗಬಹುದಲ್ಲವೇ? ಈ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಬೆಂಗಳೂರಿನ ತಂತ್ರಾಂಶ ಕಂಪನಿಗಳಿಗೂ ದೊಡ್ಡ ಪ್ರಮಾಣದಲ್ಲಿ ದೊರೆಯಿತು. ಇಲ್ಲಿ ಪ್ರೋಗ್ರಾಮು ಬದಲಾಗಿರಲಿಲ್ಲ, ಅದರ ಸುತ್ತಲಿನ ಜಗತ್ತು ಬದಲಾಗಿತ್ತು. ಜನಜೀವನದ ನಡುವೆ ಬಳಕೆಯಾಗುವ ಪ್ರೋಗ್ರಾಮು ಸದಾ ಹೊಂದಿಕೊಳ್ಳುತ್ತಿರಬೇಕು, ಇಲ್ಲವಾದರೆ ಅದರ ಉಪಯುಕ್ತತೆ ಕುಗ್ಗುತ್ತದೆ ಎಂದು ಮೀರ್ ಲೇಮನ್ ಎಂಬ ವಿಜ್ಞಾನಿ 1974ರಲ್ಲೇ ನಿಯಮವಾಗಿ ಹೇಳಿದ್ದರು.

ಊರು ಬೆಳೆದರೆ ಲೆಕ್ಕವೂ ಬದಲು

ಪಶ್ಚಿಮ ಬೆಂಗಳೂರಿನದೇ ಉದಾಹರಣೆ ನೋಡಿ. ರಾಜಾಜಿನಗರಕ್ಕೆ ಮೆಟ್ರೊ ಬಂದದ್ದು 2014ರಲ್ಲಿ, ಹಸಿರು ಮಾರ್ಗದಲ್ಲಿ. ವಿಜಯನಗರಕ್ಕೆ ಬಂದದ್ದು 2015ರಲ್ಲಿ, ನೇರಳೆ ಮಾರ್ಗದಲ್ಲಿ. ಮೆಜೆಸ್ಟಿಕ್‌ನಲ್ಲಿ ಎರಡೂ ಕೂಡಿದ್ದು 2017ರ ಜೂನ್‌ನಲ್ಲಿ. ನೇರಳೆ ಮಾರ್ಗ ಕೆಂಗೇರಿಯನ್ನು 2021ರಲ್ಲಿ, ಚಲ್ಲಘಟ್ಟವನ್ನು 2023ರಲ್ಲಿ ತಲುಪಿತು.

2015ರಲ್ಲಿ ನೀವು ಮೆಟ್ರೊ ದಾರಿ ತೋರಿಸುವ ಆಪ್ ಒಂದನ್ನು ಬರೆದಿದ್ದಿರಿ ಎಂದು ಭಾವಿಸಿ. ಕೆಂಗೇರಿ ನಿಲ್ದಾಣ ಸೇರಿದಾಗ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಸಾಕು. ಪಟ್ಟಿಯನ್ನು ದೂರದ ಸರ್ವರ್‌ನಲ್ಲಿ ಇಟ್ಟಿದ್ದರೆ ಬಳಕೆದಾರರು ಅಪ್‌ಡೇಟ್ ಮಾಡಬೇಕಾದ್ದೇ ಇಲ್ಲ. ಬದಲಾದದ್ದು ಮಾಹಿತಿ ಮಾತ್ರ. ಆದರೆ ರಾಜಾಜಿನಗರದಿಂದ ವಿಜಯನಗರಕ್ಕೆ ಹೋಗಲು ಮೆಜೆಸ್ಟಿಕ್‌ನಲ್ಲಿ ಇಳಿದು ರೈಲು ಬದಲಿಸಬೇಕು ಎಂದು ಹೇಳಬೇಕಾದರೆ? ಒಂದೇ ಗೆರೆಯ ಮೇಲೆ ನಿಲ್ದಾಣ ಎಣಿಸುತ್ತಿದ್ದ ಪ್ರೋಗ್ರಾಮಿಗೆ ಇದು ಸಾಧ್ಯವಿಲ್ಲ. ಲೆಕ್ಕ ಮಾಡುವ ವಿಧಾನವನ್ನೇ ಬದಲಿಸಬೇಕು. ಆಗ ಹೊಸ ಆವೃತ್ತಿ ಅನಿವಾರ್ಯವಾಗುತ್ತದೆ.

ಅಕ್ಷರಗಳೂ ಬೆಳೆಯುತ್ತವೆ

ಕನ್ನಡ ಲಿಪಿ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಇತ್ತು. ಆದರೆ ಸಂಕೇತ ಇದ್ದಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶವೂ ಬೇಕು. ಗಣಕದಲ್ಲಿ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಇದನ್ನು ತಂದಿತು. ಆಂಡ್ರಾಯ್ಡ್ ಫೋನ್‌ಗಳಿಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1ನೇ ಆವೃತ್ತಿಯಲ್ಲಿ. ಕೇಂದ್ರ ಸರ್ಕಾರ 2010ರ ಜುಲೈನಲ್ಲಿ ಒಪ್ಪಿದ ₹ ಚಿಹ್ನೆ ಅದೇ ವರ್ಷ ಯೂನಿಕೋಡ್ ಸೇರಿತು. ಅದಕ್ಕೆ ಮೊದಲಿನ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕವೇ ಕಾಣುತ್ತಿತ್ತು. ಹಳೆಯ ಬರವಣಿಗೆಯಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುತ್ತಿದ್ದ ‘ನಕಾರಪೊಲ್ಲು’ ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ!

ಬಾಗಿಲಿನ ಬಿರುಕು

ಅಪ್‌ಡೇಟ್‌ಗೆ ಇನ್ನೊಂದು ಗಂಭೀರ ಕಾರಣ ಸುರಕ್ಷತೆ. ಆಪ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದ ಸಿದ್ಧ ಭಾಗಗಳನ್ನು ಜೋಡಿಸುತ್ತಾರೆ. ಅಂಥ ಒಂದು ಭಾಗ ‘ಓಪನ್ ಎಸ್‌ಎಸ್‌ಎಲ್’. ಸಂದೇಶಗಳನ್ನು ಗೂಢಲಿಪಿಗೆ ಬದಲಿಸಿ ಕಳುಹಿಸುವುದು ಅದರ ಕೆಲಸ. ‘ಹಾರ್ಟ್‌ಬ್ಲೀಡ್’ ಎಂಬ ಅದರ ದೋಷ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಎದುರಿನ ಗಣಕ ‘ನಾನು ಕಳಿಸಿದ ಪದವನ್ನು ಮರಳಿ ಕಳಿಸು, ಅದರ ಉದ್ದ ಇಷ್ಟು’ ಎಂದು ಕೇಳಬಹುದಿತ್ತು. ಉದ್ದ ನಿಜವೇ ಎಂದು ಪ್ರೋಗ್ರಾಮು ಪರೀಕ್ಷಿಸುತ್ತಿರಲಿಲ್ಲ. ನಾಲ್ಕಕ್ಷರ ಕಳಿಸಿ ಅರುವತ್ತು ಸಾವಿರ ಎಂದರೆ, ಸ್ಮೃತಿಯಲ್ಲಿ ಪಕ್ಕದಲ್ಲಿದ್ದ ಗುಪ್ತಪದ ಇತ್ಯಾದಿಗಳನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು! ಎರಡು ವರ್ಷ ಯಾರ ಗಮನಕ್ಕೂ ಬಾರದ ತಪ್ಪು ಇದು.

ಆಂಡ್ರಾಯ್ಡ್‌ನ ಆವೃತ್ತಿಗಳ ಪೈಕಿ ಈ ದೋಷಕ್ಕೆ ಸಿಲುಕಿದ್ದು 4.1.1; ಕನ್ನಡವನ್ನು ಫೋನಿಗೆ ತಂದ ಸರಣಿಗೇ ಸೇರಿದ್ದು. ಗೂಗಲ್ ಪರಿಹಾರವನ್ನು ಫೋನ್ ತಯಾರಕರಿಗೆ ಕಳಿಸಿತು. ಆದರೆ ಅದು ನಿಮ್ಮ ಕೈ ಸೇರುವುದು ತಯಾರಕರು ಮುಂದಕ್ಕೆ ಕಳಿಸಿದರೆ ಮಾತ್ರ. ದೋಷ ಜಗಜ್ಜಾಹೀರಾದ ಮೇಲೆ ಅಪಾಯ ಹೆಚ್ಚುತ್ತದೆ ಎಂಬುದನ್ನು ಗಮನಿಸಿ: ತೇಪೆ ಹಾಕದ ಫೋನಿನ ಬಿರುಕು ಎಲ್ಲಿದೆಯೆಂದು ಕಳ್ಳನಿಗೂ ತಿಳಿದಿರುತ್ತದೆ.

ಎಲ್ಲ ಅಪ್‌ಡೇಟ್‌ಗಳೂ ಅಗತ್ಯವೇ?

ಇಲ್ಲ. 2008ರಲ್ಲಿ ಆಪ್ ಅಂಗಡಿಗಳು ತೆರೆದ ಮೇಲೆ ತಿದ್ದುಪಡಿ ಹಂಚುವುದು ಬಹಳ ಸುಲಭವಾಯಿತು. ಸೀಡಿ ಅಚ್ಚು ಹಾಕಿಸಿ ಹಂಚಬೇಕಾಗಿದ್ದಾಗ ತಯಾರಕರು ಹತ್ತು ಬಾರಿ ಪರೀಕ್ಷಿಸುತ್ತಿದ್ದರು. ಈಗ ‘ಮುಂದೆ ಸರಿಪಡಿಸೋಣ’ ಎಂದು ಅರೆಬೆಂದ ಆಪ್ ಬಿಡುಗಡೆ ಮಾಡುವುದೂ ಉಂಟು. ಬಣ್ಣ ಬದಲಿಸಲು, ಜಾಹೀರಾತು ತುರುಕಲು ಬರುವ ಆವೃತ್ತಿಗಳೂ ಇವೆ. ಇನ್ನೊಂದು ಕಡೆ, ಫೋನಿನ ಕಾರ್ಯಾಚರಣ ವ್ಯವಸ್ಥೆ ಮುಂದೆ ಸಾಗಿದಂತೆ ಹಳೆಯದು ಕೈಬಿಟ್ಟುಹೋಗುತ್ತದೆ. 2017ರಲ್ಲಿ ಬಂದ ಐಓಎಸ್ 11ರಲ್ಲಿ 32 ಬಿಟ್‌ನ ಆಪ್‌ಗಳು ನಡೆಯಲೇ ಇಲ್ಲ. ಹೊಸ ಫೋನ್ ಕೊಳ್ಳಲಾಗದವರಿಗೆ ಇದು ನಿಜವಾದ ತೊಂದರೆ. ಚೆನ್ನಾಗಿ ಉರಿಯುವ ಪರದೆ, ಗಟ್ಟಿ ಬ್ಯಾಟರಿ ಇದ್ದರೂ ತೇಪೆ ಸಿಗದ ಫೋನ್ ಹಣಕಾಸಿನ ವ್ಯವಹಾರಕ್ಕೆ ಸುರಕ್ಷಿತವಲ್ಲ.

ಆದ್ದರಿಂದ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವಂತೆಯೇ, ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಎಂದೂ ಕೇಳಿ. ಬ್ಯಾಂಕ್ ಹಾಗೂ ಪಾವತಿಯ ಆಪ್‌ಗಳ ಅಪ್‌ಡೇಟ್ ಮುಂದೂಡಬೇಡಿ. ಸಂದೇಶದಲ್ಲಿ ಬಂದ ಕೊಂಡಿ ಒತ್ತಿ ಅಪ್‌ಡೇಟ್ ಮಾಡಲೇಬೇಡಿ. ಅಧಿಕೃತ ಆಪ್ ಅಂಗಡಿಯಿಂದಲೇ ಪಡೆಯಿರಿ.

ಶಿಕ್ಷಕರು ತರಗತಿಯಲ್ಲಿ ಒಂದು ಸರಳ ಚಟುವಟಿಕೆ ಮಾಡಿಸಬಹುದು. ಐದು ಆಪ್‌ಗಳ ‘ಹೊಸತೇನು’ ಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಓದಲಿ. ಪ್ರತಿ ಬದಲಾವಣೆಯೂ ತಪ್ಪಿನ ತಿದ್ದುಪಡಿಯೇ, ಬದಲಾದ ಜಗತ್ತಿಗೆ ಹೊಂದಾಣಿಕೆಯೇ, ಸುರಕ್ಷತೆಯೇ ಅಥವಾ ಬರೀ ಅಲಂಕಾರವೇ ಎಂದು ವಿಂಗಡಿಸಲಿ. ಏನು ಬದಲಾಯಿತೆಂದು ಹೇಳದ ಟಿಪ್ಪಣಿಗಳೆಷ್ಟು ಎಂಬುದನ್ನೂ ಎಣಿಸಲಿ. ನಮ್ಮ ಫೋನಿನಲ್ಲಿ ಏನು ಬದಲಾಗುತ್ತಿದೆ ಎಂದು ತಿಳಿಯುವ ಹಕ್ಕು ನಮಗಿದೆ ಎಂಬ ಅರಿವು ಅಲ್ಲಿಂದಲೇ ಮೂಡಲಿ.