ಮೂಟೆಯ ತಳದ ಕಾಫಿ: ಟಿಬಿ, ತುಮಕೂರು ಮತ್ತು ಲೆಕ್ಕ ಹಾಕಿದವರ ಕಥೆ

ಶನಿವಾರಸಂತೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಕ್ಷಮಿಸಿ, ಶೀಟ್ ಮನೆ, ಏನೂ ಮಾಡೋಕಾಗಲ್ಲ.

ಹೋದ ತಿಂಗಳು ಒಂದು ರಾತ್ರಿ ಫ್ರೆಂಡ್ ಫೋನ್ ಮಾಡಿದ. ಅವನು ಎಂಡಿ ಮಾಡ್ತಾ ಇದ್ದಾನೆ, ಥೀಸಿಸ್ ಸಬ್ಮಿಟ್ ಮಾಡೋಕೆ ಹತ್ತು ದಿನ ಬಾಕಿ. "ಮಗಾ, ನೀನು ಬಿಕಾಂ ಅಲ್ವಾ, ಸ್ಟ್ಯಾಟಿಸ್ಟಿಕ್ಸ್ ಓದಿದ್ದೀಯಲ್ಲ, ಒಂದು ಎಕ್ಸೆಲ್ ಕಳಿಸ್ತೀನಿ, ಪಿ ವ್ಯಾಲ್ಯೂ ಹಾಕಿಕೊಡು" ಅಂದ. ಉಪ್ಪು ಹಾಕಿಕೊಡು ಅನ್ನೋ ಥರ. ಫೈಲ್ ತೆಗೆದು ನೋಡಿದೆ. ಅದರಲ್ಲಿದ್ದವರೆಲ್ಲ ಆಸ್ಪತ್ರೆಗೆ ತಾವಾಗಿ ಬಂದ ರೋಗಿಗಳು. ಹೋಲಿಸಿ ನೋಡೋಕೆ ಇನ್ನೊಂದು ಗುಂಪೇ ಇಲ್ಲ. ನನಗೆ ಗೊತ್ತಿರೋ ಸ್ಟ್ಯಾಟಿಸ್ಟಿಕ್ಸ್ ಕಡಿಮೆ, ಆದ್ರೆ ಅಷ್ಟರಲ್ಲೇ ಗೊತ್ತಾಯ್ತು, ಇದಕ್ಕೆ ಈಗ ಯಾರೂ ಏನೂ ಮಾಡೋಕಾಗಲ್ಲ.

1938ರಲ್ಲಿ ಕಲ್ಕತ್ತಾದಲ್ಲಿ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೆದಾಗ ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಇದನ್ನೇ ಹೇಳಿದ್ರು. ಪ್ರಯೋಗ ಮುಗಿದ ಮೇಲೆ ಲೆಕ್ಕದವನನ್ನ ಕರೆದ್ರೆ ಅವನು ಪೋಸ್ಟ್‌ಮಾರ್ಟಮ್ ಮಾತ್ರ ಮಾಡಬಲ್ಲ ಅನ್ನೋ ಅರ್ಥದಲ್ಲಿ. ಹಾಗಾದ್ರೆ ಮೊದಲೇ ಕರೆದ್ರೆ ಏನಾಗುತ್ತೆ? ಅದನ್ನ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮದೇ ರಾಜ್ಯದ ಕಥೆ. ಟಿಬಿ, ಅಂದ್ರೆ ಕ್ಷಯರೋಗದ ಕಥೆ.

ಮೊದಲು ಇಂಗ್ಲೆಂಡಿನ ಒಬ್ಬ ಮನುಷ್ಯನ ಬಗ್ಗೆ ಹೇಳಿಬಿಡ್ತೀನಿ, ಕಾಮರ್ಸ್‌ನವನಾಗಿ ನನಗೆ ಇವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಡಾಕ್ಟರ್ ಆಗಬೇಕು ಅಂತಿದ್ದ ಹುಡುಗ. ಮೊದಲನೇ ಮಹಾಯುದ್ಧಕ್ಕೆ ಹೋಗಿ ಟಿಬಿ ಅಂಟಿಸಿಕೊಂಡ್ರು, ಮೆಡಿಕಲ್ ಕನಸು ಅಲ್ಲಿಗೆ ಮುಗೀತು. ಅಂಚೆ ಮೂಲಕ ಅರ್ಥಶಾಸ್ತ್ರ ಓದಿ ಡಿಗ್ರಿ ತಗೊಂಡ್ರು. ಆಮೇಲೆ ಇದೇ ಮನುಷ್ಯ ಡಾಕ್ಟರ್‌ಗಳಿಗೆ ಔಷಧ ಪರೀಕ್ಷೆ ಮಾಡೋದು ಹೇಗೆ ಅಂತ ಹೇಳಿಕೊಟ್ರು. 1947ರಲ್ಲಿ ಸ್ಟ್ರೆಪ್ಟೊಮೈಸಿನ್ ಅನ್ನೋ ಹೊಸ ಔಷಧ ಬ್ರಿಟನ್‌ಗೆ ಸಿಗ್ತಿದ್ದದ್ದೇ ಕಡಿಮೆ. ಎಲ್ಲರಿಗೂ ಸಾಲಲ್ಲ. ಯಾರಿಗೆ ಕೊಡಬೇಕು? 107 ರೋಗಿಗಳನ್ನ ಎರಡು ಗುಂಪು ಮಾಡಿದ್ರು. ಯಾರು ಯಾವ ಗುಂಪಿಗೆ ಅನ್ನೋದನ್ನ ಡಾಕ್ಟರ್ ತೀರ್ಮಾನ ಮಾಡಲಿಲ್ಲ, ಮುಚ್ಚಿದ ಲಕೋಟೆ ತೀರ್ಮಾನ ಮಾಡ್ತು. ಆರು ತಿಂಗಳಾದ ಮೇಲೆ ಔಷಧ ಸಿಕ್ಕ 55 ಜನರಲ್ಲಿ ತೀರಿಹೋದವರು 4. ಬರೀ ಹಾಸಿಗೆ ವಿಶ್ರಾಂತಿ ಸಿಕ್ಕ 52 ಜನರಲ್ಲಿ 14.

ಈಗ ನಮ್ಮ ಕಡೆ ಬರೋಣ. ಅದಕ್ಕೂ ಮೊದಲು ಕಾಫಿ ಮೂಟೆ.

ನಮ್ಮೂರಲ್ಲಿ ಕಾಫಿ ಮಾರೋಕೆ ಹೋದ್ರೆ ಸಾಹುಕಾರ್ರು ಮೂಟೆ ಬಾಯಿ ಬಿಚ್ಚಿ, ಮೇಲಿಂದ ಒಂದು ಹಿಡಿ ತಗೊಂಡು ರೇಟ್ ಹೇಳಲ್ಲ. ಒಳಗಿಂದ, ತಳದಿಂದ, ಬೇರೆ ಬೇರೆ ಮೂಟೆಯಿಂದ ತೆಗೆದು ಕಲಸಿ, ಅದರಲ್ಲಿ ಔಟ್‌ಟರ್ನ್ ನೋಡ್ತಾರೆ. ಯಾಕಂದ್ರೆ ಮೇಲಿರೋದು ಯಾವತ್ತೂ ಪೂರ್ತಿ ಮೂಟೆ ಅಲ್ಲ. ಮೇಲೆ ಚೆನ್ನಾಗಿರೋದನ್ನ ಹಾಕಿ ತರೋರೂ ಇದ್ದಾರೆ, ನಮ್ಮ ಮನೆಯವರು ಅಂತ ನಾನು ಹೇಳಲ್ಲ.

ಆಸ್ಪತ್ರೆಯ ರಿಜಿಸ್ಟರ್ ಅಂದ್ರೆ ಮೂಟೆಯ ಮೇಲಿನ ಹಿಡಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಟಿಬಿ ಅಂದ್ರೆ ಪಟ್ಟಣದ ಕಾಯಿಲೆ ಅನ್ನೋ ನಂಬಿಕೆ ಗಟ್ಟಿಯಾಗಿತ್ತು. ಗಿರಣಿ, ಹೊಗೆ, ಇಕ್ಕಟ್ಟಿನ ವಠಾರ. ಆಸ್ಪತ್ರೆಗಳಿದ್ದದ್ದೂ ಪಟ್ಟಣದಲ್ಲೇ, ಹಾಗಾಗಿ ಲೆಕ್ಕಕ್ಕೆ ಸಿಕ್ಕವರೂ ಅಲ್ಲಿನವರೇ. 1955ರಿಂದ 1958ರವರೆಗೆ ಐಸಿಎಂಆರ್ ದೇಶದ ಬೇರೆ ಬೇರೆ ಕಡೆ ಸ್ಯಾಂಪಲ್ ಸರ್ವೆ ಮಾಡಿದಾಗ ಹಳ್ಳಿಯಲ್ಲೂ ಪಟ್ಟಣದಷ್ಟೇ ಟಿಬಿ ಇದೆ ಅಂತ ಗೊತ್ತಾಯ್ತು. ದೇಶದ ಬಹುಪಾಲು ಜನ ಇದ್ದದ್ದು ಹಳ್ಳಿಯಲ್ಲಿ. ಅಂದ್ರೆ ಬಹುಪಾಲು ರೋಗಿಗಳೂ ಹಳ್ಳಿಯಲ್ಲೇ ಇದ್ರು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಎನ್‌ಟಿಐ, ಶುರುವಾಗಿದ್ದು ಈ ಹೊತ್ತಿನಲ್ಲೇ. 1960ರ ಸೆಪ್ಟೆಂಬರ್ 16ರಂದು ನೆಹರೂ ಬಂದು ಉದ್ಘಾಟನೆ ಮಾಡಿದ್ರು. ನನಗೆ ಇಷ್ಟ ಆಗಿದ್ದು ಏನಂದ್ರೆ, ಅಲ್ಲಿ ಡಾಕ್ಟರ್‌ಗಳ ಜೊತೆಗೆ ಸಂಖ್ಯಾಶಾಸ್ತ್ರದವರೂ ಸಮಾಜಶಾಸ್ತ್ರದವರೂ ಮೊದಲಿನಿಂದಲೇ ಇದ್ರು. ಯಾವ ಹಳ್ಳಿಗೆ ಹೋಗಬೇಕು, ಎಷ್ಟು ಜನರನ್ನ ನೋಡಬೇಕು, ಯಾರ ಜೊತೆ ಯಾರನ್ನ ಹೋಲಿಸಬೇಕು, ಇದೆಲ್ಲ ಹೊರಡೋಕೆ ಮುಂಚೆಯೇ ಕೂತು ಯೋಚನೆ ಮಾಡೋ ಕೆಲಸ.

ಮೊದಲು ತುಮಕೂರು ಜಿಲ್ಲೆ. 1960-61ರಲ್ಲಿ ಅಲ್ಲಿ ಎಕ್ಸ್-ರೇ ತೆಗೆದು ಸರ್ವೆ ಮಾಡಿದ್ರು. ಅದರ ಬೆನ್ನಲ್ಲೇ ಡಿ. ಬ್ಯಾನರ್ಜಿ ಮತ್ತು ಡಬ್ಲ್ಯೂಎಚ್‌ಒದಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಇನ್ನೊಂದು ಪ್ರಶ್ನೆ ಕೇಳಿದ್ರು: ಕಾಯಿಲೆ ಇರೋರಿಗೆ ಅದು ಗೊತ್ತಿದೆಯಾ? ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಅವರಾಗಿ ಬರಲ್ಲ, ನಾವೇ ವ್ಯಾನ್ ತಗೊಂಡು ಹೋಗಿ ಹುಡುಕಬೇಕು ಅನ್ನೋದು ಆಗಿನ ಯೋಚನೆ.

ಇಲ್ಲೊಂದು ಸೂಕ್ಷ್ಮ ಇದೆ. ಕೆಮ್ಮು ಇದೆಯಾ ಅಂತ ಕೇಳಿದ್ರೆ ಯಾರಿಗಾದ್ರೂ ಇರುತ್ತೆ. ಜುಲೈನಲ್ಲಿ ನಮ್ಮೂರಿಗೆ ಬನ್ನಿ, ಎಲ್ಲರಿಗೂ ಇರುತ್ತೆ. ಅದಕ್ಕೇ ಎಕ್ಸ್-ರೇನಲ್ಲಿ ಅನುಮಾನ ಕಂಡವರ ಜೊತೆಗೆ, ಅವರಿಗೆ ಹೊಂದುವಂಥ ಬೇರೆಯವರನ್ನೂ ಆರಿಸಿ ಅದೇ ಪ್ರಶ್ನೆ ಕೇಳಿದ್ರು. 1963ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಲೆಕ್ಕಾಚಾರ ಬುಡಮೇಲು ಮಾಡ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ರು. ಹೋದವರಿಗೆ ಸಿಕ್ಕಿದ್ದು ಒಂದು ಬಾಟ್ಲಿ ಕೆಮ್ಮಿನ ಔಷಧಿ.

ತಿಳುವಳಿಕೆ ಇಲ್ಲದೆ ಇದ್ದದ್ದು ಯಾರಿಗೆ, ನೀವೇ ಹೇಳಿ. ಬಾಗಿಲಿಗೆ ಬಂದವರ ಕಫ ಪರೀಕ್ಷೆ ಮಾಡಿ, ಊರ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಔಷಧಿ ಕೊಡಿ ಅನ್ನೋ ರಾಷ್ಟ್ರೀಯ ಕಾರ್ಯಕ್ರಮ ಆ ವರ್ಷಗಳಲ್ಲೇ ರೂಪ ತಗೊಂಡಿದ್ದು, ಅದರ ಹಿಂದೆ ಈ ತುಮಕೂರಿನ ಲೆಕ್ಕ ಇದೆ.

ಎರಡನೇ ಅಧ್ಯಯನದ ಹತ್ತಿರ ಬಂದಾಗ ನಾನು ಎರಡು ದಿನ ರೆಕಾರ್ಡಿಂಗ್ ನಿಲ್ಲಿಸಿದ್ದೆ. 1961ರಿಂದ 1968. ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕು, ಚೀಟಿ ಎತ್ತಿದ ಹಾಗೆ ಆರಿಸಿದ 119 ಹಳ್ಳಿ, ಸುಮಾರು 65 ಸಾವಿರ ಜನ. ಅದೇ ಹಳ್ಳಿಗಳಿಗೆ ನಾಲ್ಕು ಸಲ ಹೋದ್ರು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಸಿಕ್ಕವರನ್ನ ಐದು ವರ್ಷ ಹಿಂಬಾಲಿಸಿದ್ರು. ಕೊನೆಗೆ ಬಂದ ಅಂಕಿ ಇವತ್ತಿಗೂ ಓದಿಗೆ ಸಿಗುತ್ತೆ: ಶೇ. 49.2 ಸಾವು, ಶೇ. 32.5 ಗುಣ, ಶೇ. 18.3 ಇನ್ನೂ ರೋಗಾಣು ಇರೋರು. ಸರಿಯಾದ ಚಿಕಿತ್ಸೆ ತಲುಪದಿದ್ರೆ ಟಿಬಿ ಏನು ಮಾಡುತ್ತೆ ಅನ್ನೋದಕ್ಕೆ ಇದನ್ನ ಉದಾಹರಣೆ ಕೊಡ್ತಾರೆ.

ಬಿಕಾಂ ಬುದ್ಧಿ, ಶೇಕಡಾ ನೋಡಿದ್ರೆ ಮೂಲ ಸಂಖ್ಯೆ ಹುಡುಕುತ್ತೆ. ಒಟ್ಟು 126 ಜನ. ಗುಣಿಸಿ ನೋಡಿ. 62 ಜನ ತೀರಿಹೋದ್ರು. 41 ಜನ ವಾಸಿಯಾದ್ರು. 23 ಜನ ಕೆಮ್ಮುತ್ತಾ, ಇನ್ನೊಬ್ಬರಿಗೆ ಹರಡುತ್ತಾ ಉಳಿದ್ರು.

ಆ 41ರ ಬಗ್ಗೆ ಯೋಚನೆ ಮಾಡಿ. ಅವರಿಗೆಲ್ಲ ನಾನು ಯಾವುದೋ ಕಷಾಯ ಕೊಟ್ಟಿದ್ರೆ, "ಮೂರರಲ್ಲಿ ಒಬ್ಬರಿಗೆ ನನ್ನ ಕಷಾಯದಿಂದ ಟಿಬಿ ವಾಸಿ" ಅಂತ ವಾಟ್ಸಾಪ್‌ನಲ್ಲಿ ಹಾಕಬಹುದಿತ್ತು. ಸುಳ್ಳೂ ಅನ್ನಿಸ್ತಿರಲಿಲ್ಲ. ಬ್ರಾಡ್‌ಫರ್ಡ್ ಹಿಲ್ ಎರಡನೇ ಗುಂಪು ಬೇಕೇ ಬೇಕು ಅಂದಿದ್ದು, ನನ್ನ ಫ್ರೆಂಡ್‌ನ ಎಕ್ಸೆಲ್ ಕೈಕೊಟ್ಟಿದ್ದು ಇದೇ ಜಾಗದಲ್ಲಿ.

ಇನ್ನು ಆ 62. ಐಸೊನಿಯಾಜಿಡ್ ಮಾತ್ರೆ 1952ರಲ್ಲೇ ಬಂದಿತ್ತು. ಮನೆಯಲ್ಲೇ ಇದ್ದು ಔಷಧಿ ತಗೊಂಡ್ರೂ ಸ್ಯಾನಿಟೋರಿಯಂನಷ್ಟೇ ವಾಸಿಯಾಗುತ್ತೆ ಅಂತ ಮದ್ರಾಸಿನ ಅಧ್ಯಯನ 1959ರಲ್ಲೇ ತೋರಿಸಿತ್ತು. ಅಂದ್ರೆ ಜಗತ್ತಿನಲ್ಲಿ ಔಷಧ ಇತ್ತು, ಹಳ್ಳಿಗೆ ಬಂದಿರಲಿಲ್ಲ. ಆಗಿನ ಬಡತನ ನೋಡಿದ್ರೆ ಒಂದು ಉತ್ತರ ಸಿಗುತ್ತೆ, ಇವತ್ತು ಕೂತು ತೀರ್ಪು ಕೊಡೋದೂ ಸುಲಭ. ಆದ್ರೂ ನನಗೆ ಆ ಟೇಬಲ್ ಸುಮ್ಮನೆ ಓದೋಕಾಗಲ್ಲ.

ಈಗ ಲೆಕ್ಕ ಕಂಪ್ಯೂಟರ್‌ಗೆ ಬಂದಿದೆ. 1998ರಲ್ಲಿ ಟಿಬಿ ರೋಗಾಣುವಿನ ಪೂರ್ತಿ ಜೀನೋಮ್ ಓದಿದ್ರು, ಸುಮಾರು 44 ಲಕ್ಷ ಅಕ್ಷರ. ಅದರಲ್ಲಿ ಒಂದು ಅಕ್ಷರ ಬದಲಾದ್ರೂ ಕೆಲವು ಸಲ ಔಷಧಿ ನಾಟಲ್ಲ. ಯಾವ ಬದಲಾವಣೆಗೆ ಯಾವ ಔಷಧಿ ಸೋಲುತ್ತೆ? ಬಯೋಇನ್ಫರ್ಮ್ಯಾಟಿಕ್ಸ್‌ನವರು ಅದನ್ನ ಪತ್ತೆ ಮಾಡೋದೂ ಹೋಲಿಸಿಯೇ. 2021ರಲ್ಲಿ ಡಬ್ಲ್ಯೂಎಚ್‌ಒ ಇಂಥ ಬದಲಾವಣೆಗಳ ಪಟ್ಟಿ ತಂದಾಗ ಹಿಂದೆ 38 ಸಾವಿರಕ್ಕೂ ಹೆಚ್ಚು ರೋಗಾಣು ಮಾದರಿ ಇದ್ವು. ಔಷಧಿಗೆ ಬಗ್ಗಿದವು ಒಂದು ಕಡೆ, ಬಗ್ಗದೆ ಇದ್ದವು ಇನ್ನೊಂದು ಕಡೆ. ನಮ್ಮ ದೇಶದಲ್ಲಿ 2014-16ರ ಮೊದಲ ರಾಷ್ಟ್ರೀಯ ಔಷಧ ಪ್ರತಿರೋಧ ಸರ್ವೆಯ ಕೆಲಸ ನಡೆದದ್ದೂ ಅದೇ ಬಳ್ಳಾರಿ ರಸ್ತೆಯ ಎನ್‌ಟಿಐನಲ್ಲಿ. ಮುಖ್ಯ ಔಷಧಿಗಳಿಗೇ ಬಗ್ಗದ ಟಿಬಿ ಹೊಸ ರೋಗಿಗಳಲ್ಲಿ ಶೇ. 2.84, ಹಿಂದೆ ಒಮ್ಮೆ ಚಿಕಿತ್ಸೆ ತಗೊಂಡವರಲ್ಲಿ ಶೇ. 11.60.

ಫ್ರೆಂಡ್ ಥೀಸಿಸ್ ಏನಾಯ್ತು ಅಂತ ಕೇಳ್ತೀರಿ. ಸಬ್ಮಿಟ್ ಆಯ್ತು. ಪಿ ವ್ಯಾಲ್ಯೂ ನಾನು ಹಾಕಿಕೊಡಲಿಲ್ಲ, ಬೇರೆ ಯಾರೋ ದುಡ್ಡು ತಗೊಂಡು ಹಾಕಿಕೊಟ್ಟಿದ್ದಾರೆ. ಎರಡು ವಾರ ನನ್ನ ಮೇಲೆ ಮುನಿಸಿಕೊಂಡಿದ್ದ.

ಕೊನೆಗೊಂದು ಕೆಲಸ ಕೊಡ್ತೀನಿ. ಬೆಂಗಳೂರಿನ ಆಸುಪಾಸಿನ ಹಳ್ಳಿಯವರು ಕೇಳ್ತಾ ಇದ್ರೆ, ಮನೆಯಲ್ಲಿ 70 ದಾಟಿದ ಅಜ್ಜ, ಅಜ್ಜಿ ಇದ್ರೆ ಕೇಳಿ ನೋಡಿ: 60ರ ದಶಕದಲ್ಲಿ ಯಾರಾದ್ರೂ ಊರಿಗೆ ಬಂದು, ತೋಳಿಗೆ ಸೂಜಿ ಚುಚ್ಚಿ, ಎಕ್ಸ್-ರೇ ತೆಗೆದು, ಡಬ್ಬಿಯಲ್ಲಿ ಕಫ ತಗೊಂಡು ಹೋಗಿದ್ದು ನೆನಪಿದೆಯಾ ಅಂತ. ಇದ್ರೆ ಅವರ ಮಾತಲ್ಲೇ ಒಂದು ವಾಯ್ಸ್ ನೋಟ್ ಕಳಿಸಿ.